ಬಾವಿಯ ಮೇಲಿನ ಜಾಲರಿ: ಶಾವಕ್‌ಷಾ ಶೇಠರಿಗೆ ಎಪ್ಪತ್ತು

ನಮ್ಮ ಗುಜರಾತಿನ ಕಡಲಂಚಿನಲ್ಲಿ ಪತ್ರಿಕೆ ನಡೆಸಿ ಮನೆ ಕಟ್ಟಿದವರಿದ್ದಾರೆ, ಪತ್ರಿಕೆ ನಡೆಸಿ ಮನೆ ಕಳೆದುಕೊಂಡವರೂ ಇದ್ದಾರೆ. ಆದರೆ ತಮ್ಮ ಪತ್ರಿಕೆಯಲ್ಲಿ ತಮ್ಮನ್ನೇ ಬೈಯಲು ಊರಿಗೆಲ್ಲ ಜಾಗ ಬಿಟ್ಟುಕೊಟ್ಟು, ಆ ಬೈಗುಳಕ್ಕೆ ಮೊದಲ ಮಣೆ ಹಾಕಿದ ಮಾಲೀಕರು ನನಗೆ ತಿಳಿದಂತೆ ಒಬ್ಬರೇ. ಶೇರ್‌ಬಂದರದ ‘ಬಂದರ್ ವರ್ತಮಾನ’ದ ಒಡೆಯರೂ ಇಪ್ಪತ್ತೆರಡು ವರ್ಷ ಪುರಸಭೆಯ ಸದಸ್ಯರೂ ಆಗಿದ್ದ ಶೇಠ್ ಶಾವಕ್‌ಷಾ ಎದಲ್‌ಜಿ ಛಾಪ್‌ಗರ್ ಅವರು ಈ 1936ನೇ ಇಸವಿಯಲ್ಲಿ ಎಪ್ಪತ್ತು ತುಂಬಿ ಪತ್ರಿಕೆಯ ಹೊಣೆಯನ್ನು ಇಳಿಸುತ್ತಿದ್ದಾರೆ. ಅಭಿನಂದನ ಸಮಿತಿಯವರು ನನಗೆ ನಾಲ್ಕು ಪುಟ ಕೊಟ್ಟು, ಒಳ್ಳೆಯದನ್ನೇ ಬರೆಯಿರಿ ಎಂದಿದ್ದಾರೆ. ಮೂವತ್ತೆರಡು ವರ್ಷ ಅವರ ಕೈಕೆಳಗೆ ದುಡಿದವನಿಗೆ ಅದೇನೂ ಕಷ್ಟವಲ್ಲ. ಆದರೆ ಅವರು ಮಾಡಿದ ಒಂದು ತಪ್ಪನ್ನು ಬಿಟ್ಟು ಅವರ ದೊಡ್ಡತನವನ್ನು ಬರೆಯಲು ನನಗೆ ಬರುವುದಿಲ್ಲ. ಸಮಿತಿಯವರು ಕ್ಷಮಿಸಬೇಕು, ಕ್ಷಮಿಸಲಾಗದಿದ್ದರೆ ದೂರು ಕಳಿಸಲಿ, ಎರಡನೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

ಶೇಠರ ತಂದೆ ಎದಲ್‌ಜಿಯವರು ಬಿಟ್ಟುಹೋದದ್ದು ಒಂದು ಕೈಯಚ್ಚಿನ ಯಂತ್ರ, ಹಡಗುಗಳು ಬಂದುಹೋಗುವ ಸುದ್ದಿಯನ್ನೂ ಹತ್ತಿಯ ಧಾರಣೆಯನ್ನೂ ತುಂಬಿಕೊಂಡು ವಾರಕ್ಕೊಮ್ಮೆ ಹೊರಡುತ್ತಿದ್ದ ಒಂದು ಹಾಳೆ, ಮತ್ತು ಊರಿನವರ ನಂಬಿಕೆ. ಇಪ್ಪತ್ತನಾಲ್ಕನೇ ವಯಸ್ಸಿಗೆ ಅದನ್ನು ಕೈಗೆ ತೆಗೆದುಕೊಂಡ ಶಾವಕ್‌ಷಾ ಶೇಠರು ಎಂಟು ವರ್ಷದಲ್ಲಿ ಅದನ್ನು ದಿನಪತ್ರಿಕೆ ಮಾಡಿದರು. ಪ್ಲೇಗು ಬಂದ ವರ್ಷ ಕಾಗದದ ಉಗ್ರಾಣವನ್ನು ಖಾಲಿ ಮಾಡಿಸಿ ರೋಗಿಗಳಿಗೆ ಹಾಸಿಗೆ ಹಾಕಿಸಿದರು. ಕಾಗದದ ಉರುಳೆಗಳು ಅವರ ಮನೆಯ ಊಟದ ಕೋಣೆಗೆ ಬಂದವು, ಮನೆಮಂದಿ ಹಜಾರದಲ್ಲಿ ಉಂಡರು. ಮೀನುಪೇಟೆಯ ಮಾಡು, ಹೆಣ್ಣುಮಕ್ಕಳ ಶಾಲೆ, ಹಡಗುಕಟ್ಟೆಯ ದೀಪ, ಇವೆಲ್ಲ ಅವರು ಕಲೆಕ್ಟರರ ಬೆನ್ನು ಬಿಡದೆ ಕಾಡಿ ತಂದವು. ಆ ಪಟ್ಟಿ ಈ ಸಂಪುಟದಲ್ಲಿ ಬೇರೆಯವರು ಬರೆದಿರುತ್ತಾರೆ.

ನಾನು ಹೇಳಬೇಕಾದದ್ದು ಎರಡನೇ ಪುಟದ ಮಾತು. ಅಲ್ಲಿ ‘ಊರವರ ದೂರು’ ಎಂಬ ಅಂಕಣವಿದೆ. ಅದಕ್ಕೆ ಶೇಠರು ಹಾಕಿದ ಕಟ್ಟಳೆ ಒಂದೇ: ದೂರು ಪತ್ರಿಕೆಯ ಮಾಲೀಕನ ಮೇಲಿದ್ದರೆ ಅದು ಎಲ್ಲಕ್ಕಿಂತ ಮೇಲೆ ಬರಬೇಕು, ಒಂದಕ್ಷರವೂ ಕಡಿಮೆಯಾಗಬಾರದು. ಬೇರೆ ಊರಿನ ಪತ್ರಕರ್ತರು ಇದನ್ನು ಕೇಳಿ ನಗುತ್ತಿದ್ದರು. ಶೇಠರಿಗೆ ತಲೆ ಕೆಟ್ಟಿದೆ ಎಂದವರೂ ಉಂಟು.

ನಾನು 1904ರಲ್ಲಿ ಕರಡು ತಿದ್ದುವವನಾಗಿ ಸೇರಿದೆ. ಮೊದಲ ವಾರವೇ ನನ್ನ ಕಣ್ತಪ್ಪಿನಿಂದ ಏಡನ್ನಿನ ಹಡಗು ಪತ್ರಿಕೆಯಲ್ಲಿ ಒಂದು ದಿನ ಮೊದಲೇ ಬಂದುಬಿಟ್ಟಿತು. ಮೂರು ಸಂಸಾರಗಳು ಬಿಸಿಲಲ್ಲಿ ಕಟ್ಟೆಯ ಮೇಲೆ ನಿಂತು ಒಣಗಿದವು. ಕೆಲಸ ಹೋಯಿತೆಂದುಕೊಂಡೆ. ಶೇಠರು ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಕಟ್ಟೆಗೆ ಹೋಗಿ, ಆ ಮೂರೂ ಸಂಸಾರಗಳನ್ನು ಮನೆಗೆ ಕರೆತಂದು, ಪುದೀನ ಹಾಕಿದ ಚಹಾ ಕೊಡಿಸಿ, ಮಾರನೆಯ ದಿನ ಹಡಗು ಬರುವವರೆಗೆ ಇರಿಸಿಕೊಂಡರು. ನನಗೆ ಹೇಳಿದ್ದು ಇಷ್ಟೇ: “ತಪ್ಪು ಅಚ್ಚಾದ ಮೇಲೆ ಅಳಬಾರದು, ತೆಹಮುರಸ್. ಎಲ್ಲಿ ತಪ್ಪಿದ್ವೋ ಅಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ತಿದ್ದಬೇಕು.” ಆ ಮಾತು ಮುಂದೆ ಅವರಿಗೇ ಎದುರಾಗಿ ನಿಲ್ಲುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ಶೇಠರ ಮನೆಯಂಗಳದಲ್ಲಿ ಒಂದು ಸಿಹಿನೀರಿನ ಬಾವಿ. ನಮ್ಮ ಊರಲ್ಲಿ ಎಲ್ಲಿ ತೋಡಿದರೂ ಉಪ್ಪುನೀರು. ಆದ್ದರಿಂದ ಆ ಓಣಿಯೆಲ್ಲ ಅಲ್ಲಿಗೇ ಬರುತ್ತಿತ್ತು. ಬಾವಿಯ ಯಜಮಾನಿಕೆ ಶೇಠರ ಸೋದರತ್ತೆ ಧನ್‌ಮಾಯಿಯವರದು. ತಾಯಿಯಿಲ್ಲದ ಎರಡು ವರ್ಷದ ತಬ್ಬಲಿ ಶಾವಕ್‌ನನ್ನು ಎತ್ತಿ ಆಡಿಸಿ ಬೆಳೆಸಿದ ವಿಧವೆ ಆಕೆ. ದಿನಾ ಸಂಜೆ ಬಾವಿಕಟ್ಟೆಯ ಗೂಡಿನಲ್ಲಿ ದೀಪ ಹಚ್ಚುವುದು, ಹೂವಿನ ಸರ ಇಳಿಬಿಡುವುದು ಅವರ ವ್ರತ. ಶೇಠರ ಕಿರಿಯ ಮಗಳು ಪೀರೋಜಾ ಅಜ್ಜಿಯ ಬೆರಳು ಹಿಡಿದು ಜೊತೆಗಿರುತ್ತಿತ್ತು. 1910ರ ಮಳೆಗಾಲದ ಕೊನೆಗೆ ಆ ಆರು ವರ್ಷದ ಮಗು ಮಲೇರಿಯಾ ಜ್ವರದಲ್ಲಿ ತೀರಿಹೋಯಿತು. ಪುರಸಭೆಯ ವೈದ್ಯರು ಅದೇ ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ತಂದು, ಅದರಲ್ಲಿ ಕುಣಿಯುತ್ತಿದ್ದ ಸೊಳ್ಳೆಯ ಮರಿಗಳನ್ನು ಶೇಠರಿಗೆ ತೋರಿಸಿದರು. ಅಂದಿನಿಂದ ಅವರಿಗೆ ಒಂದೇ ಹಟ: ಊರಿಗೆ ನಲ್ಲಿ ಬರಬೇಕು, ಊರಿನ ಬಾವಿಗಳೆಲ್ಲ ಮುಚ್ಚಬೇಕು.

ನಲ್ಲಿ ಬಂತು. ಬಾವಿ ಮುಚ್ಚುವ ಠರಾವು 1912ರ ಬೇಸಗೆಯಲ್ಲಿ ಪುರಸಭೆಯ ಮುಂದೆ ಬಂತು. ನಮ್ಮ ಪಾರ್ಸಿಗಳಿಗೆ ಬಾವಿ ಎಂದರೆ ದೇವರ ಮನೆ, ಊರು ಕೆರಳಿತು. ಮೊದಲು ನಿಮ್ಮ ಮನೆಯ ಬಾವಿ ಮುಚ್ಚಿ, ಆಮೇಲೆ ನಮ್ಮ ಅಂಗಳಕ್ಕೆ ಬನ್ನಿ ಎಂದು ಎರಡನೇ ಪುಟದಲ್ಲಿ ಸಾಲುಸಾಲಾಗಿ ದೂರು ಬಂದವು. ಶೇಠರು ಒಪ್ಪಿದರು. ನಮ್ಮ ಪಂಚಾಂಗದ ಆವಾಂ ತಿಂಗಳ ಆವಾಂ ದಿನ ನೀರಿನ ತಾಯಿಯ ದೊಡ್ಡ ಹಬ್ಬ, ಪರಬ. ಅದಕ್ಕೆ ಸರಿಯಾಗಿ ಒಂದು ತಿಂಗಳು ಮೊದಲೇ ಮುಚ್ಚಿಬಿಟ್ಟರೆ, ಹಬ್ಬದ ಹೊತ್ತಿಗೆ ಅತ್ತೆಯ ನೋವು ಆರಿರುತ್ತದೆ ಎಂದು ಎಣಿಸಿ, ಬೆರಳು ಮಡಿಸಿ, ದಿನ ಗೊತ್ತು ಮಾಡಿದರು.

ತಪ್ಪಿದ್ದು ಅಲ್ಲೇ. ನಮ್ಮಲ್ಲಿ ಪಂಚಾಂಗ ಎರಡು. ಶೇಠರದೂ ಊರಿನ ಹೆಚ್ಚಿನವರದೂ ಶಹೆನ್‌ಶಾಹಿ. ಧನ್‌ಮಾಯಿಯವರು ಮದುವೆಯಾಗಿ ಹೋಗಿದ್ದ ಮನೆತನದ್ದು ಕದಮಿ, ಅದರಲ್ಲಿ ಹಬ್ಬಗಳು ಸರಿಯಾಗಿ ಒಂದು ತಿಂಗಳು ಮೊದಲೇ ಬರುತ್ತವೆ. ಗಂಡ ಸತ್ತು ನಲವತ್ತೈದು ವರ್ಷವಾಗಿ, ತವರಿಗೆ ಬಂದಿದ್ದರೂ ಆಕೆ ಗಂಡನ ಪಂಚಾಂಗವನ್ನು ಬಿಟ್ಟಿರಲಿಲ್ಲ. ಒಂದು ತಿಂಗಳು ಮೊದಲು ಎಂದು ಶೇಠರು ಆರಿಸಿದ ದಿನ ಅತ್ತೆಯ ಪರಬದ ದಿನವೇ ಆಗಿತ್ತು! ದಿನಾ ಬೆಳಿಗ್ಗೆ ಪತ್ರಿಕೆಯ ನೆತ್ತಿಯ ಮೇಲೆ ಎರಡೂ ತಿಥಿ ಅಚ್ಚಾಗುತ್ತವೆ. ಅಂದೂ ಆಗಿದ್ದವು. ಅಚ್ಚಿಗೆ ಕೊಟ್ಟವನು ನಾನು, ಒಡೆಯರು ಅವರು. ಇಬ್ಬರಿಗೂ ಕಣ್ಣಿದ್ದೂ ಕಾಣಲಿಲ್ಲ.

ಗಾರೆಯವರು ಬಾವಿಯ ಮೇಲೆ ಚಪ್ಪಡಿ ಕೂರಿಸಿ ಸುಣ್ಣದ ಗಾರೆ ಮೆತ್ತುತ್ತಿದ್ದಾಗ, ಧನ್‌ಮಾಯಿಯವರು ಜರಿಯಂಚಿನ ಸೀರೆಯುಟ್ಟು, ತಟ್ಟೆಯಲ್ಲಿ ಸಕ್ಕರೆ, ಹೂವು, ಬೇಳೆಯ ಹೂರಣ ತುಂಬಿದ ಬಿಸಿ ಪೋರಿ ಇಟ್ಟುಕೊಂಡು ಹಿತ್ತಿಲ ಬಾಗಿಲಿಂದ ಬಂದರು. ನಾನು ಅಲ್ಲೇ ಇದ್ದೆ. ಅವರು ಚಪ್ಪಡಿಯನ್ನು ನೋಡಿದರು, ಸೋದರಳಿಯನನ್ನು ನೋಡಿದರು.

“ಹಬ್ಬದ ದಿನ ತಾಯಿ ಬಾಯಿಗೆ ಕಲ್ಲು ಹಾಕಿಸಿದ್ಯಲ್ಲೋ, ಶಾವಕ್,” ಎಂದರು. ತಟ್ಟೆಯನ್ನು ಆ ಹಸಿ ಗಾರೆಯ ಪಕ್ಕದಲ್ಲೇ ಇಟ್ಟು ಒಳಗೆ ಹೋದರು.

ಅದೇ ಕೊನೆಯ ಮಾತು. ಅಂದಿನಿಂದ ಅವರು ಶೇಠರೊಡನೆ ತುಟಿ ಬಿಚ್ಚಲಿಲ್ಲ. ಎಪ್ಪತ್ತರ ಮುದುಕಿ, ಮನೆಯ ನಲ್ಲಿ ಮುಟ್ಟದೆ, ಬೆಳಗಾಗುತ್ತಲೇ ತಾಮ್ರದ ಬಿಂದಿಗೆ ಹಿಡಿದು ನಮ್ಮ ಅಗ್ನಿದೇಗುಲವಾದ ಅಗಿಯಾರಿಯ ಬಾವಿಗೆ ನಡೆದು ಹೋಗಿ ಬರುತ್ತಿದ್ದರು. ಓಣಿಯ ಜನ ಕಿಟಕಿಯಿಂದ ನೋಡುತ್ತಿದ್ದರು. ಶೇಠರು ಕಾಲು ಹಿಡಿದರು, ತಾನು ಮರೆತೆ ಎಂದರು, ಮಗಳ ಹೆಸರು ಹೇಳಿ ಅತ್ತರು. ಅತ್ತೆ ಗೋಡೆಯ ಕಡೆ ತಿರುಗಿ ಕೂತರು. ಕಲೆಕ್ಟರರಿಗೆ ಜಗ್ಗದ ಮನುಷ್ಯ ಹತ್ತು ದಿನದಲ್ಲಿ ಅರ್ಧ ಇಳಿದುಹೋದರು. ಊರು ಠರಾವಿನ ಬಗ್ಗೆ ಲೆಕ್ಕ ಹಾಕುತ್ತಿತ್ತು. ಶೇಠರಿಗೆ ಬೇಕಾಗಿದ್ದದ್ದು ಆ ಒಂದು ಬಾಯಿಂದ ಒಂದು ಮಾತು.

ಪುರಸಭೆಯ ಮತದಾನಕ್ಕೆ ಎರಡು ದಿನವಿರುವಾಗ ಧನ್‌ಮಾಯಿಯವರೇ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದು, ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ‘ಊರವರ ದೂರು’ ಅಂಕಣಕ್ಕೆ. ದಪ್ಪ ದಪ್ಪ ಅಕ್ಷರ:

“ನನ್ನ ಅಣ್ಣನ ಮಗ ನಮ್ಮ ಅಂಗಳದ ಬಾವಿ ಮುಚ್ಚಿಸಿದಾನೆ. ಮಗು ಹೋಗಿದ್ದು ಅವನಿಗೊಬ್ಬನಿಗೇ ಅಲ್ಲ. ಅದು ನನ್ನ ಬೆರಳು ಹಿಡಿದೇ ಆ ಬಾವಿಗೆ ದೀಪ ಹಚ್ತಾ ಇತ್ತು. ಸೊಳ್ಳೆ ಕೊಲ್ಲುತ್ತೆ ಅಂತ ವೈದ್ಯರು ಹೇಳಿದ್ದು ನಾನೂ ನಂಬ್ತೀನಿ. ಆದ್ರೆ ನಮ್ಮ ಅಡುಗೆಮನೇಲಿ ಹಾಲಿಗೆ ನೊಣ ಬೀಳುತ್ತೆ ಅಂತ ಹಾಲನ್ನ ಹೂಳಲಿಲ್ಲ, ಜಾಲರಿ ಕಪಾಟು ತಂದ್ವಿ. ಬಾವಿಗೆ ಅಷ್ಟೂ ಬುದ್ಧಿ ಖರ್ಚು ಮಾಡೋಕೆ ಪುರಸಭೆಯವರಿಗೆ ಏನು ಕಷ್ಟ?”

ಅಚ್ಚು ಹಾಕಿದರೆ ಶೇಠರ ಎರಡು ವರ್ಷದ ಹೋರಾಟ ಅವರ ಮನೆಯವರ ಕೈಯಿಂದಲೇ ಮಣ್ಣುಪಾಲು. ಹಾಕದಿದ್ದರೆ ಕಟ್ಟಳೆ ಮಣ್ಣುಪಾಲು. ಕರಡನ್ನು ಹಿಡಿದು ಅವರ ಕೋಣೆಗೆ ಹೋದೆ. ಅವರು ಎರಡು ಸಲ ಓದಿದರು.

“ಹಾಕೋದಾ, ಶೇಠ್‌ಜಿ?” ಎಂದೆ.

“ಕಟ್ಟಳೆ ಮಾಡಿದ್ದು ಯಾರು?”

“ನೀವು.”

“ಮತ್ತೆ ನನ್ನ ಯಾಕೆ ಕೇಳ್ತೀಯಾ? ಹೋಗು, ಮೇಲೆ ಹಾಕು.”

ಮಾರನೆಯ ಬೆಳಿಗ್ಗೆ ಅದು ಎರಡನೇ ಪುಟದ ನೆತ್ತಿಯ ಮೇಲೆ ಬಂತು, ಒಂದಕ್ಷರವೂ ಕಡಿಮೆಯಾಗದೆ. ಮೀನುಪೇಟೆಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ ಕೇಳಿದರಂತೆ.

ಪುರಸಭೆಯಲ್ಲಿ ಹದಿನೆಂಟು ಜನರಲ್ಲಿ ಹನ್ನೊಂದು ಜನ ಶೇಠರ ಕಡೆ ಇದ್ದರು. ಬಾಯಿ ಮುಚ್ಚಿ ಕೂತಿದ್ದರೂ ಅವರ ಠರಾವು ಗೆಲ್ಲುತ್ತಿತ್ತು. ಅವರು ಎದ್ದು ನಿಂತು ತಮ್ಮ ಠರಾವನ್ನು ತಾವೇ ತಿದ್ದಿದರು: ಬಾವಿಗಳನ್ನು ಮುಚ್ಚತಕ್ಕದ್ದಲ್ಲ, ಸಣ್ಣ ಕಣ್ಣಿನ ತಂತಿ ಜಾಲರಿ ಹೊದಿಸಿ, ನೀರು ಸೇದಲು ಬಿಗಿಯಾದ ಮುಚ್ಚಳವಿಟ್ಟು, ವೈದ್ಯರು ತಿಂಗಳಿಗೊಮ್ಮೆ ಪರೀಕ್ಷಿಸತಕ್ಕದ್ದು. ಎದುರು ಪಕ್ಷದ ವಕೀಲ ಜಟಾಶಂಕರರು, ಶೇಠರು ಮನೆಯಲ್ಲಿ ಸೋತು ಇಲ್ಲಿಗೆ ಬಂದಿದ್ದಾರೆ ಎಂದು ಚುಚ್ಚಿದರು.

“ಹೌದು, ಮನೇಲಿ ಸೋತೆ,” ಎಂದರು ಶೇಠರು. “ಗೆದ್ದೋರ ಮಾತನ್ನೇ ಇಲ್ಲಿ ಹೇಳ್ತಾ ಇದ್ದೀನಿ.”

ಹದಿನೆಂಟು ಕೈಗಳೂ ಮೇಲೆದ್ದವು, ಜಟಾಶಂಕರರದ್ದೂ.

ಶಹೆನ್‌ಶಾಹಿ ಪರಬದ ಬೆಳಿಗ್ಗೆ ಚಪ್ಪಡಿ ಎತ್ತಿಸಿದರು, ಜಾಲರಿ ಕೂರಿಸಿದರು. ಎಲ್ಲಿ ತಪ್ಪಿದ್ದರೋ ಅಲ್ಲೇ. ಓಣಿಯೆಲ್ಲ ಸೇರಿತ್ತು. ಧನ್‌ಮಾಯಿಯವರು ಬಂದು, ಯಾರನ್ನೂ ನೋಡದೆ, ಕಟ್ಟೆಯ ಸುತ್ತ ಒಂದು ಸುತ್ತು ಬಂದರು. ಜಾಲರಿಯ ಅಂಚಿನ ಉದ್ದಕ್ಕೂ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು.

“ಶಾವಕ್, ಇಲ್ಲಿ ಸಡಿಲ ಇದೆ ನೋಡು. ಸೊಳ್ಳೆ ನುಗ್ಗುತ್ತೆ.”

ನಲವತ್ತಾರು ವರ್ಷದ, ಊರಿಗೆಲ್ಲ ದೊಡ್ಡವರಾದ ನಮ್ಮ ಶೇಠರು ಬಾವಿಕಟ್ಟೆಯ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತರು. ಅತ್ತೆ ಅವರ ತಲೆಯ ಮೇಲಿನ ಟೋಪಿ ಸರಿಮಾಡಿ, ಇಕ್ಕಳ ತರಿಸಿದರು.

ಧನ್‌ಮಾಯಿಯವರು 1921ರಲ್ಲಿ ತೀರಿಕೊಂಡರು. ಶೇಠರು ಆಮೇಲೂ ಎಷ್ಟೋ ಕೆಲಸ ಮಾಡಿದರು. ನನ್ನ ಹೆಂಡತಿ ಕಾಯಿಲೆ ಬಿದ್ದ ವರ್ಷ ನಾಲ್ಕು ತಿಂಗಳು ನನ್ನ ಕರಡನ್ನೆಲ್ಲ ತಾವೇ ತಿದ್ದಿ, ನಾನು ತಿರುಗಿ ಬಂದಾಗ ನನ್ನ ಲೇಖನಿಯನ್ನು ತೊಳೆದಿಟ್ಟಿದ್ದರು. ನೀಳವಾಗಿ ಬರೆಯುವ ಆಸೆಯಿತ್ತು. ಆದರೆ ಈ ಲೇಖನ ಅಚ್ಚಿಗೆ ಹೊರಟ ಹೊತ್ತಿಗೆ ಕಚೇರಿಗೆ ಒಂದು ಕಾಗದ ಬಂದಿದೆ. ನಿವೃತ್ತ ಮಾಲೀಕರು ‘ಊರವರ ದೂರು’ ಅಂಕಣಕ್ಕೆ ಬರೆದ ಮೊದಲ ದೂರು, ನನ್ನ ಮೇಲೆ:

“ನನ್ನ ಸನ್ಮಾನಕ್ಕೆ ಬರುವ ಮಾರ್ಚ್ ಹದಿನಾಲ್ಕು, ಶನಿವಾರ, ಎಂದು ಅಚ್ಚು ಹಾಕಿದ್ದೀರಿ. ಕೆಳಗೆ ಒಂದೇ ತಿಥಿ ಇದೆ. ಅಂದು ಕದಮಿಯವರ ಪರಬ. ತೆಹಮುರಸ್, ನೀನೂ ನೋಡಲಿಲ್ಲವೇನೋ? ನಮ್ಮ ಮನೆಯಲ್ಲಿ ಆ ಹಬ್ಬ ಮಾಡುವವಳು ಹೋದಾಗಿನಿಂದ ದೀಪ ಹಚ್ಚುವವನು ನಾನು. ಸಂಜೆ ದೀಪ ಹಚ್ಚಿದ ಮೇಲೆ ಬರುತ್ತೇನೆ. ಸಭೆ ಕಾಯಲಿ.”

ಹದಿನೈದು ವರ್ಷದಿಂದ ಅವರು ಅತ್ತೆಯ ಹಬ್ಬವನ್ನು ಒಬ್ಬರೇ ಮಾಡುತ್ತಿದ್ದಾರೆಂದು ನನಗೆ ತಿಳಿದದ್ದು ಈಗ. ಅವರು ಇನ್ನೂ ಬಹುಕಾಲ ಬಾಳಲಿ, ಬಾಳಿದಷ್ಟೂ ದಿನ ನಮ್ಮ ಮೇಲೆ ದೂರು ಬರೆಯಲಿ. ಒಂದಕ್ಷರವೂ ಕಡಿಮೆ ಮಾಡದೆ ಎಲ್ಲಕ್ಕಿಂತ ಮೇಲೆ ಹಾಕುತ್ತೇವೆ. ನನ್ನ ತಪ್ಪಿನ ತಿದ್ದುಪಡಿ ಇಲ್ಲಿಯೇ: ಸಭೆ ಕಾಯುವುದಿಲ್ಲ. ಅಂದು ಸಂಜೆ ಸಭೆಯೇ ಶೇಠರ ಮನೆಯ ಬಾವಿಯ ಹತ್ತಿರ ಸೇರುತ್ತದೆ. ಬರುವವರು ಹೂವು ತನ್ನಿ.