ಬಿಯರ್ ಹಬ್ಬಕ್ಕೆ ಹತ್ತು ಗಂಡಸರ ಪ್ಲಾನು

ಲಂಡನ್ನಿನ ಕಿಂಗ್ಸ್‌ಬರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹತ್ತು ಗಂಡಸರು ಎಂಟು ತಿಂಗಳು ಕೂತು ಒಂದು ಪ್ರವಾಸದ ಪ್ಲಾನು ಮಾಡಿದರು. ಮ್ಯೂನಿಕ್ಕಿನ ಬಿಯರ್ ಹಬ್ಬಕ್ಕೆ ಹೋಗಿ ಬರುವ ಪ್ಲಾನು. ಮೂರೇ ದಿನದ ಪ್ರವಾಸ, ವಿಮಾನದಲ್ಲಿ ಎರಡು ತಾಸಿನ ದಾರಿ. ಇಷ್ಟಕ್ಕೆ ಎಂಟು ತಿಂಗಳು! ಹುಬ್ಬಳ್ಳಿಯಲ್ಲಿ ನನ್ನ ಮದುವೆಯನ್ನೇ ಹದಿನೆಂಟು ದಿನದಲ್ಲಿ ನಿಶ್ಚಯ ಮಾಡಿ ಮುಗಿಸಿ ಕೈ ತೊಳೆದುಕೊಂಡಿದ್ದರು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಸಂಕ್ರಾಂತಿಗೆ ಕುಸರೆಳ್ಳು ಕೊಡಲು ನಮ್ಮ ಕಡೆಯ ನಾಲ್ಕಾರು ಮನೆಯವರು ಬಂದಿದ್ದರು. ಅವರ ಜೊತೆ ಈಸ್ಟ್ ಹ್ಯಾಮಿನಿಂದ ಒಬ್ಬ ಬೆಂಗಳೂರಿನ ಹುಡುಗ. ಹುಡುಗ ಎಂದೆ, ಮೂವತ್ತೈದು ದಾಟಿತ್ತು, ಕಂಪ್ಯೂಟರ್ ಕೆಲಸ. ಊಟ ಆಗಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಅವನು ಶುರು ಹಚ್ಚಿದ. "ಸಾರ್, ಲೈಫಲ್ಲಿ ಒಂದ್ಸಲ ನೋಡ್ಲೇಬೇಕು ಸಾರ್. ಟೆಂಟ್ ಅಂದ್ರೆ ಟೆಂಟಾ ಅದು, ನಮ್ಮ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಇದ್ದಂಗಿರತ್ತೆ. ಒಂದೊಂದು ಮಗ್ ಒಂದೊಂದು ಲೀಟರ್!"

ಲೀಟರ್ ಎಂದ ಕೂಡಲೇ ನಮ್ಮನೆಯವರ ಕಣ್ಣು ಅರಳಿದ್ದನ್ನು ನಾನು ಅಡಿಗೆಮನೆಯ ಬಾಗಿಲಿನಿಂದ ನೋಡಿದೆ. ನಾಲ್ಕು ಪಿಂಟ್ ಹಾಲು ತನ್ನಿರಿ ಎಂದರೆ "ಎರಡು ಸಾಕಾಗಂಗಿಲ್ಲೇನ?" ಎನ್ನುವ ಮನುಷ್ಯ.

ಇವರು ಕುಡುಕರೇನೂ ಅಲ್ಲ. ಕುಡುಕರಾಗಿದ್ದರೆ ನನಗೆ ಇಷ್ಟು ತಾತ್ಸಾರ ಬರುತ್ತಿರಲಿಲ್ಲ. ಕುಡುಕನಿಗೆ ಒಂದು ನಿಷ್ಠೆಯಾದರೂ ಇರುತ್ತದೆ. ಇವರದು ಒಂದು ಕ್ಯಾನ್ ಬಿಯರನ್ನು ನಾಲ್ಕು ಸ್ಟೀಲ್ ಲೋಟಕ್ಕೆ ಹಂಚುವ ಜಾತಿ. ಅದಕ್ಕೂ ಮೊದಲು ಅಡಿಗೆಮನೆಗೆ ಬಂದು, ದೇವರು ಕೂತಿರುವ ಕಬೋರ್ಡಿನ ಬಾಗಿಲು ಮುಚ್ಚಿದೆಯೇ ಎಂದು ನೋಡಿ ಹೋಗುತ್ತಿದ್ದರು. ಸೋಮವಾರ ಮುಟ್ಟುವುದಿಲ್ಲ, ಗುರುವಾರ ಮುಟ್ಟುವುದಿಲ್ಲ, ಏಕಾದಶಿ ಇಲ್ಲ, ಶ್ರಾವಣ ಪೂರ್ತಿ ಇಲ್ಲ. ಉಳಿದ ದಿನಗಳಲ್ಲಿ ಹೆಂಡತಿಗೆ ಹೆದರಿಕೆ. ಇಂಥವರು ಲೀಟರ್ ಲೆಕ್ಕದಲ್ಲಿ ಕುಡಿಯಲು ಜರ್ಮನಿಗೆ ಹೊರಟರು.

ಈಗ ನನ್ನ ಮಾತಿಗೆ ಬರುತ್ತೇನೆ. ನನಗೆ ಜರ್ಮನ್ ಬರುತ್ತಿತ್ತು. ಧಾರವಾಡದಲ್ಲಿ ಬಿ.ಎ. ಓದುವಾಗ ಅಪ್ಪ ಟೈಪಿಂಗ್ ಕಲಿ ಎಂದರು, ನಾನು ಜಿದ್ದಿಗೆ ಬಿದ್ದು ಸಂಜೆಯ ಜರ್ಮನ್ ಡಿಪ್ಲೊಮಾಕ್ಕೆ ಸೇರಿದೆ. ಕ್ಲಾಸಿನಲ್ಲಿ ನಾವು ಮೂರೇ ಜನ. ಗೋಡೆಗೆ ಅಂಚು ಹರಿದ ಜರ್ಮನಿಯ ನಕಾಶೆ. ಎರಡು ವರ್ಷ ಅದನ್ನೇ ನೋಡುತ್ತ ಕೂತು ನನಗೊಂದು ಆಸೆ ಹುಟ್ಟಿತು. ಆ ನೆಲದ ಮೇಲೆ ನಿಂತು, ಹೋಗುತ್ತಿರುವ ಯಾರನ್ನಾದರೂ ನಿಲ್ಲಿಸಿ, ಅವರ ಭಾಷೆಯಲ್ಲಿ ದಾರಿ ಕೇಳಬೇಕು. ಅವರು ನನ್ನ ಮಾತು ತಿಳಿದು ಉತ್ತರ ಹೇಳಬೇಕು. ಅಷ್ಟೇ. ಮದುವೆಯಾಗಿ ಲಂಡನ್ನಿಗೆ ಬಂದ ಹೊಸತರಲ್ಲಿ ಇದನ್ನು ಗಂಡನಿಗೆ ಹೇಳಿದ್ದೆ. "ಹೋಗೋಣಂತ" ಅಂದಿದ್ದರು. ಆಮೇಲೆ ಮಗಳು, ಮನೆಯ ಸಾಲ, ಕೌನ್ಸಿಲ್ ಲೈಬ್ರರಿಯಲ್ಲಿ ನನ್ನ ಕೆಲಸ. ಎರಡು ತಾಸಿನ ದಾರಿಗೆ ಹತ್ತೊಂಬತ್ತು ವರ್ಷವಾದರೂ ಹೋಗಲಾಗಲಿಲ್ಲ.

ಮೀಟಿಂಗು ಶುರುವಾದವು. ಎರಡು ವಾರಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ನಮ್ಮ ಮನೆಯಲ್ಲೇ. ಯಾಕೆಂದರೆ ಮಿರ್ಚಿ ಭಜಿ ನನ್ನದು ಚೆನ್ನಾಗಿ ಆಗುತ್ತದಂತೆ! ಈಸ್ಟ್ ಹ್ಯಾಮಿನವನು ಆಫೀಸಿನಲ್ಲಿ ಪ್ರಿಂಟ್ ಮಾಡಿ, ಹಾಳೆಗೆ ಹಾಳೆ ಅಂಟಿಸಿ, ಚಾದರದಷ್ಟು ದೊಡ್ಡ ತಖ್ತೆಯೊಂದನ್ನು ತಂದು ನಮ್ಮ ಗೋಡೆಗೆ ಬಡಿದ. ಹೋಗುವವರ ಹೆಸರು ಒಂದರಿಂದ ಹತ್ತು. ಯಾರು ಕೊಡೆ ತರಬೇಕು, ಯಾರು ಅವಲಕ್ಕಿ, ಯಾರು ಹೊಟ್ಟೆನೋವಿನ ಗುಳಿಗೆ, ಎಲ್ಲಕ್ಕೂ ಒಂದೊಂದು ಕಾಲಮ್ಮು. ತೀರ ಕೆಳಗೆ, ಗೆರೆಯ ಹೊರಗೆ, "ಫೋನು, ಜರ್ಮನ್, ತಿಂಡಿ: ಅತ್ತಿಗೆ" ಎಂದು ಬರೆದಿತ್ತು. ಅತ್ತಿಗೆ ಎಂದರೆ ನಾನು.

ಮಗಳು ಆಗ ಹದಿನೈದರವಳು. ಅದನ್ನು ಓದಿ, "ದೇ ಆರ್ ಸೋ ಸ್ಯಾಡ್, ಅಮ್ಮಾ," ಎಂದು ಮೇಲೆ ಹೋದಳು. ಇಲ್ಲಿಯ ಹುಡುಗರ ಮಾತಿನಲ್ಲಿ ಸ್ಯಾಡ್ ಎಂದರೆ ಕನಿಕರ ಪಡುವಷ್ಟು ಪೆದ್ದರು. ಆ ಒಂದು ದಿನ ಅವಳ ಇಂಗ್ಲಿಷು ನನಗೆ ಸಿಟ್ಟು ತರಿಸಲಿಲ್ಲ.

ಎಲ್ಲರೂ ಹೋದ ಮೇಲೆ ತಟ್ಟೆ ಎತ್ತುತ್ತ ನಮ್ಮನೆಯವರನ್ನು ಕೇಳಿದೆ. "ನಾನೂ ಬರ್ಲೇನು?"

ಅವರು ನಕ್ಕರು. ಸಿಟ್ಟು ಮಾಡಿದ್ದರೂ ಸಹಿಸುತ್ತಿದ್ದೆ. "ನೀ ಬಂದು ಅಲ್ಲೇನ್ ಮಾಡ್ತಿ? ಅದು ಗಂಡಸರ ಹಬ್ಬ."

ಸರಿ ಎಂದು ತಟ್ಟೆಗಳನ್ನು ಒಳಗೊಯ್ದೆ. ಆದರೆ ಆ ನಗುವನ್ನು ಮರೆಯಲಿಲ್ಲ.

ದಿನ ಗೊತ್ತು ಮಾಡುವುದರಲ್ಲಿ ಇವರ ಜಾಣತನ ನೋಡಬೇಕಿತ್ತು. ಎಜ್‌ವೇರಿನಲ್ಲಿದ್ದ ಕಲಬುರಗಿ ಕಡೆಯ ಹಿರಿಯರೊಬ್ಬರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅವರು ನಮ್ಮ ಅಡಿಗೆಮನೆಯಿಂದ ಧಾರವಾಡದ ಕ್ಯಾಲೆಂಡರನ್ನು ಇಳಿಸಿಕೊಂಡು, ಕನ್ನಡಕ ಏರಿಸಿ, ಶ್ರಾವಣ ಕಳೆದು, ಗಣಪತಿ ಕಳೆದು, ನವರಾತ್ರಿಯೂ ಕಳೆದ ಮೇಲೆ ಅಕ್ಟೋಬರಿನ ನಡುವೆ ಒಂದು ಶುಕ್ರವಾರ ಹುಡುಕಿದರು. "ಒಂದು ದೋಷ ಇಲ್ಲ ನೋಡ್ರಿ. ಅಗದೀ ಸ್ವಚ್ಛ ದಿನ." ಮುಹೂರ್ತ ಇಟ್ಟು ಕುಡಿಯುವವರನ್ನು ನಾನು ಅಲ್ಲಿಯೇ ನೋಡಿದ್ದು.

ಟೇಬಲ್ ಕಾದಿರಿಸಲು ಮ್ಯೂನಿಕ್ಕಿಗೆ ಫೋನು ಮಾಡುವ ಕೆಲಸ ನನ್ನದು. ಹತ್ತೂ ಜನ ಸುತ್ತ ನಿಂತರು. ಟೆಂಟಿನ ಆಫೀಸಿನಿಂದ ಒಬ್ಬ ಹೆಂಗಸು ಮಾತಾಡಿದಳು. ವಯಸ್ಸಾದ ದಪ್ಪ ದನಿ. ನಾನು ಕಲಿತದ್ದು ಪುಸ್ತಕದ ಜರ್ಮನ್, ಅವಳದು ಆ ಊರಿನ ಆಡುಮಾತು. ಬೆಂಗಳೂರಿನವರಿಗೆ ನಮ್ಮ ವಿಜಾಪುರದ ಅಜ್ಜಿಯ ಮಾತು ಕೇಳಿಸಿದ ಹಾಗಾಯಿತು. ಎರಡು ಸಲ ಹೇಳಿಸಿಕೊಂಡೆ. ಮೂರನೆಯ ಸಲ ತಿಳಿಯಿತು. ತಿಳಿದಾಗ ಎಷ್ಟು ಹಿಗ್ಗಿದೆನೆಂದರೆ ಅವಳು ಹೇಳಿದ ಸುದ್ದಿಯನ್ನು ಇವರಿಗೆ ಹೇಳುವುದನ್ನೇ ಮರೆತೆ.

ಸುದ್ದಿ ಇಷ್ಟು. ಹಬ್ಬದ ಹೆಸರಿನಲ್ಲಿ ಅಕ್ಟೋಬರ್ ಇದ್ದರೂ ಅದು ನಡೆಯುವುದು ಹೆಚ್ಚಾಗಿ ಸೆಪ್ಟೆಂಬರಿನಲ್ಲಿ. ಕಾಕಾ ಹುಡುಕಿದ ಸ್ವಚ್ಛ ದಿನಕ್ಕೆ ಅಲ್ಲಿ ಟೆಂಟಿನ ಗೂಟ ಕೂಡ ಉಳಿದಿರುವುದಿಲ್ಲ.

"ಹಂಗಾರ ಸೆಪ್ಟೆಂಬರ್ ಕಡೀ ಶನಿವಾರ ಮಾಡಿಬಿಡು," ಎಂದರು ನಮ್ಮನೆಯವರು. "ಶ್ರಾವಣ ಮುಗದಿರ್ತದ, ಗಣಪತೀನೂ ಆಗಿರ್ತದ."

"ಸೂಪರ್ ಸಾರ್," ಎಂದ ಈಸ್ಟ್ ಹ್ಯಾಮಿನವನು. ಕಾಕಾ ಗೋಣು ಹಾಕಿದರು. ಕ್ಯಾಲೆಂಡರನ್ನು ಮತ್ತೆ ಇಳಿಸಿ ನೋಡುವ ಗೋಜಿಗೆ ಒಬ್ಬರೂ ಹೋಗಲಿಲ್ಲ. ನಾನು ಹೋದೆ. ಚಹಾಕ್ಕಿಟ್ಟು, ಹಾಳೆ ಮಗುಚಿ ನೋಡಿದೆ. ಆ ಶನಿವಾರ ಪಿತೃಪಕ್ಷದ ನಡುಮಧ್ಯ. ಬರಿ ಪಕ್ಷವಲ್ಲ, ಸಪ್ತಮಿ. ಸಪ್ತಮಿ ಎಂದರೆ ನಮ್ಮ ಮಾವನವರ ತಿಥಿ. ಪ್ರತಿವರ್ಷ ಪಕ್ಷದಲ್ಲಿ ಆ ದಿನ ಆಚಾರ್ಯರು ಬರುತ್ತಾರೆ, ಮಗ ಪಿಂಡ ಇಡುತ್ತಾನೆ, ನಾನು ಬೆಳಗಿನಿಂದ ಮಡಿಯಲ್ಲಿ ವಡೆ, ಪಾಯಸ ಬೇಯಿಸುತ್ತೇನೆ. ಹದಿನೈದು ವರ್ಷದಿಂದ ಅವರಪ್ಪನ ತಿಥಿಯನ್ನು ಅವರಿಗೆ ನೆನಪು ಮಾಡಿಕೊಟ್ಟವಳು ನಾನು.

ಹೇಳಬಹುದಿತ್ತು. ಬಾಗಿಲ ತನಕ ಬಂದೆ ಕೂಡ. ಒಳಗೆ ಹತ್ತೂ ಜನ, ಮಗ್ಗು ಎತ್ತುವುದು ಹೇಗೆಂದು ನನ್ನ ನೀರಿನ ತಂಬಿಗೆ ಹಿಡಿದು ಅಭ್ಯಾಸ ಮಾಡುತ್ತಿದ್ದರು. ಗಂಡಸರ ಹಬ್ಬ ಅಲ್ಲವೇ, ಗಂಡಸರೇ ನೋಡಿಕೊಳ್ಳಲಿ ಎಂದು ಚಹಾ ಸೋಸಿದೆ.

ಆಮೇಲಿನ ತಿಂಗಳುಗಳು ವೀಸಾದ್ದು. ಇವರೆಲ್ಲರದೂ ಇಂಡಿಯಾದ ಪಾಸ್‌ಪೋರ್ಟು. ನಾನು ನಾಲ್ಕು ವರ್ಷದ ಹಿಂದೆ ಬ್ರಿಟಿಷ್ ಪಾಸ್‌ಪೋರ್ಟು ತೆಗೆದುಕೊಂಡಾಗ ನಮ್ಮನೆಯವರು ವಾರಗಟ್ಟಲೆ ಮುಖ ಗಂಟು ಹಾಕಿಕೊಂಡಿದ್ದರು. ಸ್ವಾಭಿಮಾನಿಗಳು. ಈಗ ಆ ಸ್ವಾಭಿಮಾನ ಹತ್ತು ಅರ್ಜಿಯಾಗಿ ನನ್ನ ಮುಂದೆ ಬಂದು ಬಿತ್ತು, ಅಕ್ಷರ ಚೆಂದ ಎಂದು ತುಂಬಿದವಳೂ ನಾನೇ. ಪ್ರವಾಸದ ಉದ್ದೇಶ ಎಂಬಲ್ಲಿ ಏನು ಬರೆಯಲಿ ಎಂದು ಕಾಕಾರನ್ನು ಕೇಳಿದೆ.

"ಸಾಂಸ್ಕೃತಿಕ ಅಧ್ಯಯನ ಅಂತ ಬರಿ ತಂಗಿ."

"ಯಾವ ಮ್ಯೂಸಿಯಮ್ಮು ನೋಡ್ತೀರಿ ಅಂತ ಕೇಳಿದ್ರ ಏನ್ ಹೇಳ್ತೀರಿ ಕಾಕಾ?"

"ಅದನ್ನೂ ನೀನೇ ಬರಿ."

ಆಮೇಲೆ ಕೋಳಿ. ಟೇಬಲ್ ಕಾದಿರಿಸಿದರೆ ತಲೆಗೆ ಅರ್ಧ ಕೋಳಿಯ ಚೀಟಿಯನ್ನೂ ಕೊಳ್ಳಲೇಬೇಕು ಎಂದು ಆ ಹೆಂಗಸು ಹೇಳಿದಳು. ಹತ್ತು ಜನ ಸಸ್ಯಾಹಾರಿಗಳ ಕೈಗೆ ಐದು ಇಡೀ ಕೋಳಿ! ಮತ್ತೆ ಫೋನು. ಚೀಸು ಹಾಕಿದ ಸೇವಿಗೆಯಂಥದ್ದು ಕೊಡುತ್ತೇವೆ ಎಂದಳು. ಕಾಕಾ ಪಕ್ಕದಿಂದ ತಿವಿದರು. "ಕೋಳಿ ಮುಟ್ಟಿದ ಕೈಲೆ ಮಗ್ ಕೊಡ್ತಾರೇನ್ ಕೇಳು." ನನ್ನ ಎರಡು ವರ್ಷದ ಡಿಪ್ಲೊಮಾ ಈ ವಾಕ್ಯಕ್ಕೆ ಬಂದು ಮುಟ್ಟಿತಲ್ಲ ಎಂದುಕೊಂಡೇ ಕೇಳಿದೆ. ಅವಳು ನಕ್ಕಳು, ನಾನೂ ನಕ್ಕೆ. ನಿಮ್ಮ ಜರ್ಮನ್ ಎಲ್ಲಿ ಕಲಿತದ್ದು ಎಂದು ಕೇಳಿದಳು. ಧಾರವಾಡ ಎಂದೆ. ಅದನ್ನು ಅವಳು ಎರಡು ಸಲ ಹೇಳಿ ನೋಡಿದಳು.

ಹೀಗೆ ಸೆಪ್ಟೆಂಬರ್ ಬಂತು. ವೀಸಾ ಬಂದವು, ವಿಮಾನದ ಟಿಕೆಟ್ಟು ಬಂದವು. ನಾನು ಚಕ್ಕುಲಿ ಕರಿದು ಡಬ್ಬಿ ತುಂಬಿದ್ದೆ. ಗಣಪತಿ ಆದ ಭಾನುವಾರ ಕೊನೆಯ ಮೀಟಿಂಗು. ಹತ್ತೂ ಜನ ಕೂತಿದ್ದಾಗ ಫೋನು ರಿಂಗಾಯಿತು. ನಮ್ಮನೆಯವರು ಎತ್ತಿಕೊಂಡರು. ಆಚಾರ್ಯರದು ಗಟ್ಟಿ ದನಿ, ಪಕ್ಷದ ಹದಿನೈದು ದಿನ ಊರೆಲ್ಲ ಸುತ್ತುವ ಗಡಿಬಿಡಿ ಬೇರೆ. ಕೋಣೆಗೆಲ್ಲ ಕೇಳಿಸಿತು. "ಸಪ್ತಮಿ ಶನಿವಾರ ಬಂದದ ನೋಡ್ರಿ. ನಿಮ್ಮ ತಂದೆಯವರದು ಹನ್ನೊಂದಕ್ಕೆ ಇಟ್ಕೊಳ್ಳೋಣಲ್ಲ?"

ನಮ್ಮನೆಯವರು ಹೂಂ ಎಂದರು. ರಿಸೀವರ್ ಇಟ್ಟು ಗೋಡೆಯ ತಖ್ತೆ ನೋಡಿದರು. ಅವರ ಮುಖ ನೋಡಿ ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ?

ಎಂಟು ತಿಂಗಳ ಪ್ಲಾನು ಕಾಲು ತಾಸಿನಲ್ಲಿ ಬಿದ್ದುಹೋಯಿತು. ಕಾಕಾ ಬೆರಳು ಮಡಿಸಿ, "ನಮ್ಮದೂ ಅಷ್ಟಮಿ ಅದಲಾ" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡರು. ಪಕ್ಷದಲ್ಲಿ ಮುಟ್ಟುವುದಿಲ್ಲಪ್ಪ ಎಂದರು ಉಳಿದವರು. ಈಸ್ಟ್ ಹ್ಯಾಮಿನವನು ಮಾತ್ರ "ಬಿಯರ್ ಬಾರ್ಲಿನೇ ಅಲ್ವಾ ಸಾರ್, ಧಾನ್ಯ" ಎಂದು ಏನೋ ಹೇಳಲು ಹೋದ. ಯಾರೂ ನಗಲಿಲ್ಲ. ಹಬ್ಬ ಮುಗಿಯುವುದೂ ಅಮಾವಾಸ್ಯೆಯೂ ಒಂದೇ ದಿನ, ಆಚೆಗೆ ಸರಿಸಲು ಜಾಗವೇ ಇರಲಿಲ್ಲ.

ಅವರೆಲ್ಲ ಹೋದ ಮೇಲೆ ನಮ್ಮನೆಯವರು ಅಡಿಗೆಮನೆಗೆ ಬಂದರು. "ನಿನಗ ಗೊತ್ತಿತ್ತು."

"ಮಾರ್ಚ್‌ದಾಗ ಗೊತ್ತಾತು."

"ಮತ್ತ ಯಾಕ ಹೇಳ್ಲಿಲ್ಲ?"

"ಗಂಡಸರ ಹಬ್ಬದಾಗ ನಾ ಯಾಕ ಬಾಯಿ ಹಾಕ್ಲಿ?"

ಈ ಮಾತು ಅಂದ ದಿನ ಗೆದ್ದೆ ಎನಿಸೀತು ಎಂದುಕೊಂಡಿದ್ದೆ. ಹಾಗೇನೂ ಅನಿಸಲಿಲ್ಲ. ಗೆದ್ದು ಸಿಕ್ಕಿದ್ದಾದರೂ ಏನು? ಅವರೂ ಹೋಗಲಿಲ್ಲ, ನಾನಂತೂ ಹೋಗುವವಳೇ ಆಗಿರಲಿಲ್ಲ. ನಕಾಶೆ ಧಾರವಾಡದ ಗೋಡೆಯ ಮೇಲೆಯೇ ಉಳಿಯಿತು.

ಮರುದಿನ ರಜೆ ಹಾಕಿ, ಟೇಬಲ್ ಬಿಡಲು ಮ್ಯೂನಿಕ್ಕಿಗೆ ಫೋನು ಮಾಡಿದೆ. ನಮ್ಮನೆಯವರು ಹಿಂದೆ ಕುರ್ಚಿಯಲ್ಲಿ ಕೂತಿದ್ದರು. ಅದೇ ಹೆಂಗಸು. ತೀರಿದವರಿಗೆ ಊಟ ಕೊಡುವ ಹದಿನೈದು ದಿನ ಇವು, ಅದಕ್ಕೆ ಹತ್ತು ಜನ ಬರುವುದಿಲ್ಲ ಎಂದು ವಿವರಿಸಿದೆ. ನಮ್ಮಲ್ಲಿ ಅದು ನವೆಂಬರಿನಲ್ಲಿ ಎಂದಳು. ಹೆಸರುಗಳನ್ನು ಒಂದೊಂದಾಗಿ ಓದಿ ಹೊಡೆದುಹಾಕಿದಳು. ಹತ್ತೂ ಆದ ಮೇಲೆ ಕೇಳಿದಳು. "ಮತ್ತೆ ನೀವು? ನೀವು ಯಾವಾಗ ಬರುತ್ತೀರಿ?"

ಅವಳು ನನ್ನನ್ನೂ ಹತ್ತು ಜನರ ಜೊತೆ ಬರುವವಳೆಂದೇ ತಿಳಿದಿದ್ದಳು. ಎಂಟು ತಿಂಗಳಲ್ಲಿ ಈ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ನನಗೆ ಅಳು ಬಂತು. ಅಲ್ಲಿಗೆ ಹೆಂಗಸರು ಬರುತ್ತಾರೆಯೇ ಎಂದು ಕೇಳಿದೆ. ಅವಳಿಗೆ ಪ್ರಶ್ನೆಯೇ ತಿಳಿಯಲಿಲ್ಲ. ನಮ್ಮವ್ವ ಎಂಬತ್ತು ದಾಟಿದವಳು, ದಿನಾ ಬರುತ್ತಾಳೆ, ಎಂದಳು. ಒಬ್ಬರಿಗೆ ಟೇಬಲ್ ಕಾದಿರಿಸುವುದು ಬೇಕಿಲ್ಲ, ವಾರದ ದಿನ ಬೆಳಿಗ್ಗೆ ಬನ್ನಿ, ಯಾವ ಬೆಂಚಿನಲ್ಲಾದರೂ ಸರಿದು ಜಾಗ ಕೊಡುತ್ತಾರೆ, ಬಂದು ನನ್ನನ್ನು ಕೇಳಿ ಎಂದಳು. ಕಣ್ಣೊರೆಸಿಕೊಂಡು ಸೋಮವಾರ ಬರುತ್ತೇನೆ ಎಂದೆ. ಜರ್ಮನ್‌ನಲ್ಲಿ ಅದು ಮೂರೇ ಪದ.

ರಿಸೀವರ್ ಇಟ್ಟು ತಿರುಗಿದೆ. "ಶನಿವಾರ ಮಾವನೋರ ಅಡಿಗಿ ಮಾಡಿಡ್ತೀನಿ, ಒಂದ್ ಪದಾರ್ಥ ಕಡಿಮಿ ಮಾಡಂಗಿಲ್ಲ. ಸೋಮವಾರ ನಾ ಜರ್ಮನಿಗೆ ಹೋಗ್ತೀನಿ."

"ಪಕ್ಷದಾಗ? ಕುಡೀಲಿಕ್ಕ?"

"ಕುಡೀಲಿಕ್ಕಲ್ಲ. ಮಾತಾಡ್ಲಿಕ್ಕ."

ಅವರು ಗೋಡೆಯ ತಖ್ತೆಯನ್ನು, ಅದರಲ್ಲಿ ಗೆರೆಯ ಹೊರಗೆ ಬರೆದಿದ್ದನ್ನು, ಬಹಳ ಹೊತ್ತು ನೋಡಿದರು. ವೀಸಾ ಹಚ್ಚಿದ ಅವರ ಪಾಸ್‌ಪೋರ್ಟು ಅಲ್ಲೇ ಟೀಪಾಯಿಯ ಮೇಲಿತ್ತು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ಹೋಗೋಣಂತ ಅಂದಿದ್ದೆ ಅಲ್ಲ ನಾ?"

"ಅಂದಿದ್ರಿ," ಎಂದೆ. ಟಿಕೆಟ್ಟಿಗೆ ಫೋನು ಮಾಡಲು ಮತ್ತೆ ರಿಸೀವರ್ ಎತ್ತಿಕೊಂಡೆ, ಒಂದೇ ಸೀಟು ಕೇಳಿದೆ.