ಅಡಿಗೆ ಬೋಗಿಯ ಕಿಕೋಟಿ ಕಾಡು ನೋಡಿದ್ದು

ಮಕಂಬಾಕೊ ಪೇಟೆಯಲ್ಲಿ ಯುಸ್ಟಿನೊ ಕಿಕೋಟಿಯ ಮನೆ ಎಲ್ಲಿ ಎಂದರೆ ಯಾರೂ ಥಟ್ಟನೆ ಹೇಳುವುದಿಲ್ಲ. ರೈಲಿನ ಕಿಕೋಟಿ ಎಂದರೆ ಸಣ್ಣ ಮಕ್ಕಳೂ ಬಾಗಿಲ ತನಕ ಬಂದು ತೋರಿಸುತ್ತಾರೆ. ಸಮುದ್ರದ ದಡದ ದಾರ್ ಪಟ್ಟಣಕ್ಕೆ ಹೋಗುವ ರೈಲಿನ ಊಟದ ಬೋಗಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಅಡಿಗೆ ಮಾಡಿದವನು ಅವನು.

ಹುಟ್ಟಿದ್ದು ಇರಿಂಗಾ ಕಡೆಯ ಹಳ್ಳಿಯಲ್ಲಿ, ಹೆಹೆ ಜನರ ನಡುವೆ. ಮೀಸೆ ಮೂಡುವ ಹೊತ್ತಿಗೆ ಚೀನಾದವರು ಬಂದು ಹಳಿ ಹಾಕುತ್ತಿದ್ದರು. ಅವರ ಬಿಡಾರದಲ್ಲಿ ಪಾತ್ರೆ ತೊಳೆಯಲು ಸೇರಿದ. ಅಲ್ಲಿಯ ಅಡಿಗೆಯವನಿಗೆ ಇವನ ಮಾತು ಬರದು, ಇವನಿಗೆ ಅವನದು ಬರದು. ಆದರೂ ಚಾಕು ಹಿಡಿಯುವುದನ್ನು ಕಲಿಸಿದ. ಹಳಿ ಮುಗಿದು ರೈಲು ಓಡತೊಡಗಿದಾಗ ಇವನು ಕೋಸು ಹೆಚ್ಚುವುದನ್ನು ನೋಡಿದ ಯಾರೋ ಸಾಹೇಬರು ಊಟದ ಬೋಗಿಗೆ ಸೇರಿಸಿಕೊಂಡರು. ಅಲ್ಲಿಂದ ನಿವೃತ್ತಿಯ ತನಕ ಅವನ ಪಾದದ ಕೆಳಗೆ ನೆಲ ಅಲ್ಲಾಡುತ್ತಲೇ ಇತ್ತು.

ಸಮುದ್ರದ ಕಡೆ ಇಳಿಯುವಾಗ ಆ ರೈಲು ಒಂದು ದೊಡ್ಡ ಕಾಡನ್ನು ಹಾಯುತ್ತದೆ. ಬೇಲಿ ಇಲ್ಲ, ಗೋಡೆ ಇಲ್ಲ. ಆನೆ, ಜಿರಾಫೆ, ಕಾಡೆಮ್ಮೆ ಎಲ್ಲ ಹಳಿಯ ಪಕ್ಕದಲ್ಲೇ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಮದುವೆಯಾದ ಹೊಸತರಲ್ಲಿ ಹೆಂಡತಿ ಸ್ಕೊಲಾಸ್ಟಿಕಾ ಅವನ ಕೈಗೆ ನೀರು ಹಾಕುತ್ತಾ ಕೇಳಿದಳು, "ಇವತ್ತು ಕಾಡಲ್ಲಿ ಏನು ನೋಡಿದ್ರಿ?"

ಅವನು ನೋಡಿದ್ದು ಈರುಳ್ಳಿ. ಇಳಿಯುವಾಗ ಕಾಡು ಬರುವುದು ಬೆಳಗಿನ ತಿಂಡಿಯ ಹೊತ್ತಿಗೆ. ಚಹಾ, ಚಪಾತಿ, ಮೊಟ್ಟೆ. ವಾಪಸು ಗುಡ್ಡ ಹತ್ತುವಾಗ ಬರುವುದು ರಾತ್ರಿಯ ಊಟಕ್ಕೆ ಅಕ್ಕಿ ಬೇಯುವ ಹೊತ್ತಿಗೆ. ಅಡಿಗೆಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದರ ಗಾಜು ಜಿಡ್ಡು ಹತ್ತಿ ಹಾಲಿನ ಹಾಗೆ ಬೆಳ್ಳಗಾಗಿತ್ತು. ಆದರೆ ಎದುರಿಗೆ ನಿಂತ ಎಳೇ ಹೆಂಡತಿಗೆ ಈರುಳ್ಳಿ ನೋಡಿದೆ ಎಂದು ಹೇಗೆ ಹೇಳುವುದು? ತಟ್ಟೆ ವಾಪಸು ಕೊಡುವ ಕಿಂಡಿಯಲ್ಲಿ ಪ್ರಯಾಣಿಕರು ಆಡಿಕೊಂಡದ್ದು ಕಿವಿಗೆ ಬಿದ್ದಿತ್ತು. ಅದನ್ನೇ ಹೇಳಿದ.

"ಜಿರಾಫೆ. ಏಳೆಂಟು ಇದ್ವು. ರೈಲಿನ ಜೊತೆ ಕುದುರೆ ಥರ ಓಡಿದ್ವು ನೋಡು, ಧೂಳೆಬ್ಬಿಸ್ಕೊಂಡು!"

ಅವಳ ಕಣ್ಣು ಅಷ್ಟಗಲವಾಯಿತು. ಆಮೇಲೆ ಅವನಿಗೆ ನಿಲ್ಲಿಸಲಾಗಲಿಲ್ಲ. ಪ್ರತಿ ಸಲವೂ ಕಿಂಡಿಯಲ್ಲಿ ಕೇಳಿದ್ದಕ್ಕೆ ಉಪ್ಪು ಖಾರ ಹಚ್ಚಿ ತಂದ. ಹಳಿಯ ಮೇಲೆ ಮಲಗಿದ್ದ ಸಿಂಹ. ಮರಿಯನ್ನು ಸೊಂಡಿಲಿನಿಂದ ನೂಕಿ ಹಳಿ ದಾಟಿಸಿದ ತಾಯಿ ಆನೆ. ಅವಳಿಗೆ ಹೇಳಿ ಮುಗಿದರೆ ದರ್ಜಿ ಗೆರ್ವಾಸ್ ಹೌಲೆಯ ಅಂಗಡಿ. ಅಲ್ಲಿ ಸಂಜೆ ಸೇರುವವರೆಲ್ಲ ಇವನ ಬಾಯಿಯನ್ನೇ ನೋಡುತ್ತಿದ್ದರು.

ಹೌಲೆ ಎಂಗೋನಿ ಜನದವನು. ಹೆಹೆ ಮತ್ತು ಎಂಗೋನಿಗಳ ಅಜ್ಜಂದಿರು ಈಟಿ ಹಿಡಿದು ಬಡಿದಾಡಿ, ಆಮೇಲೆ ರಾಜಿಯಾಗಿದ್ದರು. ಅದಕ್ಕೇ ಮೊಮ್ಮಕ್ಕಳು ಎಲ್ಲಿ ಸಿಕ್ಕರೂ ಒಬ್ಬರನ್ನೊಬ್ಬರು ಬೈಯಬಹುದು, ಕೈಯಲ್ಲಿದ್ದ ತುತ್ತು ಕಿತ್ತುಕೊಳ್ಳಬಹುದು, ಕೋಪ ಮಾತ್ರ ಮಾಡಿಕೊಳ್ಳುವ ಹಾಗಿಲ್ಲ. ಸತ್ತರೆ ಗುಂಡಿ ತೋಡಲು ಬರುವವರೂ ಅವರೇ.

ನಿವೃತ್ತಿಯಾದ ಮೇಲೆ ಸ್ಕೊಲಾಸ್ಟಿಕಾ ಒಂದೇ ಹಟ ಹಿಡಿದಳು.

"ಎಡಿತಾಳ ಅಪ್ಪಾ, ಹಳೇ ನೌಕರರಿಗೆ ಪಾಸು ಕೊಡ್ತಾರಲ್ಲ. ಒಂದ್ಸಲ ಕರ್ಕೊಂಡು ಹೋಗಿ. ಸುಮ್ನೆ ಹೋಗಿ ಬರೋಣ."

"ಸುಮ್ನೆ ಯಾರಾದ್ರೂ ರೈಲು ಹತ್ತುತಾರಾ? ಅದು ಬಿಳಿಯರ ಕೆಲಸ."

"ಹಂಗಾದ್ರೆ ನಾನೂ ಬಿಳಿಯಳಾಗ್ತೀನಿ."

ಅವನು ಮಂಡಿನೋವು ಎಂದ. ಮಳೆ ಎಂದ. ರೈಲು ಈಗ ಮೊದಲಿನ ಹಾಗಿಲ್ಲ ಎಂದ. ಕೊನೆಗೆ ಅವಳೇ ಹೋಗಿ ಸೀಟು ಬರೆಸಿಕೊಂಡು ಬಂದಳು. ಪೇಟೆಯಲ್ಲಿ ಸುದ್ದಿ ಹಬ್ಬಿತು. ಬೀನ್ಸ್ ಮಾರುವವಳು ಕೇಳಿದಳು, "ಯಾರು ತೀರ್‌ಕೊಂಡ್ರು, ಅಕ್ಕಾ?" ಯಾರೂ ಇಲ್ಲ ಎಂದರೆ, "ಮತ್ತೆ ಯಾರ ಮದುವೆ?" ಅದೂ ಇಲ್ಲ ಎಂದಾಗ ಅವಳು ಸ್ಕೊಲಾಸ್ಟಿಕಾಳ ಹಣೆ ಮುಟ್ಟಿ ನೋಡಿದಳು.

ಹೊರಡುವ ದಿನ ಹೌಲೆಯೂ ಚೀಲ ಹಿಡಿದು ಸ್ಟೇಷನ್ನಿನಲ್ಲಿ ನಿಂತಿದ್ದ. ದಾರ್‌ನ ಸಂತೆಯಲ್ಲಿ ಬಟ್ಟೆ ಕೊಳ್ಳಬೇಕಂತೆ.

"ಬಸ್ಸಲ್ಲಿ ಹೋಗೋದಲ್ವೇನೋ ನೀನು?" ಎಂದ ಕಿಕೋಟಿ.

"ಬಸ್ಸಲ್ಲಿ ಸಿಂಹ ಎಲ್ಲಿ ಸಿಗುತ್ತೋ, ನಾಯಿ ತಿನ್ನೋ ಹೆಹೆ? ನಿನ್ನ ಸಿಂಹ ನನಗೂ ಒಂದು ತೋರಿಸು."

"ನಮ್ಮಜ್ಜನ ಈಟಿ ನೋಡಿ ಓಡಿದವರು ನೀವು. ಸಿಂಹ ನೋಡಿದ್ರೆ ಚಡ್ಡಿ ನೆನೆಸ್ಕೋತೀಯ."

ಮಾತು ಜೋರಾಗಿತ್ತು. ಒಳಗೊಳಗೆ ಕಿಕೋಟಿ ಬೇರೆಯದೇ ಲೆಕ್ಕ ಹಾಕುತ್ತಿದ್ದ. ಹೌಲೆ ನಕ್ಕರೆ ನಗಲಿ, ಅವನ ಹುಟ್ಟೇ ಅದಕ್ಕೆ. ಸ್ಕೊಲಾಸ್ಟಿಕಾಗೆ ಗೊತ್ತಾದರೆ? ಇವನು ಹೇಳಿದ ಕಥೆಗಳನ್ನೇ ಅವಳು ಮಗಳು ಎಡಿತಾಗೆ ಹೇಳಿ ಮಲಗಿಸಿದ್ದಳು.

ರೈಲು ತಡವಾಗಿ ಬಂತು. ಬಂದ ಮೇಲೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿಗೆ ದಾರಿ ಬಿಟ್ಟು ಬಹಳ ಹೊತ್ತು ನಿಂತಿತು. ನಲ್ಲಿಯಲ್ಲಿ ನೀರು ಮುಗಿಯಿತು. ಮಗುವೊಂದು ವಾಂತಿ ಮಾಡಿತು. ಎದುರಿನ ಸೀಟಿನವನ ಕೋಳಿ ಬುಟ್ಟಿಯಿಂದ ತಪ್ಪಿಸಿಕೊಂಡು ಡಬ್ಬಿಯ ತುಂಬ ಓಡಾಡಿತು. ಸ್ಕೊಲಾಸ್ಟಿಕಾಗೆ ಎಲ್ಲವೂ ಚೆಂದ. ಕಿಟಕಿಯಿಂದ ಕೈ ಚಾಚಿ ಬಾಳೆಹಣ್ಣು, ಹುರಿದ ಮೀನು, ಬೇಯಿಸಿದ ಜೋಳ ಎಲ್ಲ ಕೊಂಡಳು. ಹೌಲೆ ಅವಳ ಕೈಯಿಂದ ಮೀನು ಕಿತ್ತುಕೊಂಡು ತಿಂದ.

ಬೆಳಕು ಹರಿದ ಮೇಲೆ ಗುಡ್ಡಗಳು ಹಿಂದೆ ಸರಿದು ಸಪಾಟು ಬಯಲು ಬಂತು. ಸೆಕೆ ಏರಿತು. ಹಳ್ಳಿಗಳು ಕಾಣುವುದು ನಿಂತಿತು. ಕಿಕೋಟಿ ನಡುದಾರಿಯ ಪಕ್ಕದ ಸೀಟಿನಲ್ಲಿ ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡ.

"ಕಾಡು ಬಂತಾ?" ಎಂದಳು ಸ್ಕೊಲಾಸ್ಟಿಕಾ.

"ಹ್ಞೂಂ."

"ನೀವು ನೋಡಲ್ವಾ?"

"ನೋಡಿ ನೋಡಿ ಸಾಕಾಗಿದೆ. ನೀನು ನೋಡು."

ಹೌಲೆ ಹಲ್ಲಿಗೆ ಕಡ್ಡಿ ಹಾಕುತ್ತಾ ಇವನನ್ನೇ ನೋಡುತ್ತಿದ್ದ.

ಆಗ ಡಬ್ಬಿಯ ಆಚೆ ಬದಿಯಿಂದ ಯಾರೋ ಕೂಗಿದರು. "ಜಿರಾಫೆ! ಜಿರಾಫೆ!" ಜನ ಎದ್ದು ಆ ಕಡೆ ನುಗ್ಗಿದರು. ಕೂತೇ ಇರಬೇಕು ಎಂದು ಕಿಕೋಟಿ ನಿರ್ಧರಿಸಿದ್ದ. ಕಾಲುಗಳು ಅವನ ಮಾತು ಕೇಳಲಿಲ್ಲ. ಎದ್ದು ಇಬ್ಬರ ಹೆಗಲ ನಡುವೆ ಮುಖ ತೂರಿಸಿದ.

ಒಣಹುಲ್ಲಿನ ಮೇಲೆ ಐದಾರು ಜಿರಾಫೆಗಳು ರೈಲಿನ ಪಕ್ಕ ಹೋಗುತ್ತಿದ್ದವು. ಓಡುತ್ತಿದ್ದವು ಎನ್ನಬೇಕು. ಆದರೆ ಓಟದ ಹಾಗಿರಲಿಲ್ಲ. ಆ ಕಾಲುಗಳು ನಿಧಾನವಾಗಿ ಎದ್ದು, ಗಾಳಿಯಲ್ಲಿ ಒಂದು ಗಳಿಗೆ ನಿಂತು, ಮತ್ತೆ ನಿಧಾನವಾಗಿ ಇಳಿಯುತ್ತಿದ್ದವು. ಕುತ್ತಿಗೆಗಳು ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದವು. ರೈಲು ಅಷ್ಟು ಗಡಗಡ ಎನ್ನುತ್ತಿದ್ದರೂ ಅವು ನೀರಿನೊಳಗೆ ನಡೆದಂತೆ ಹೋಗುತ್ತಿದ್ದವು. ಹಿಂದುಳಿಯಲೂ ಇಲ್ಲ.

"ಅಯ್ಯೋ ದೇವರೇ!" ಎಂದು ಕಿಕೋಟಿ ಕೂಗಿಬಿಟ್ಟ. "ಇದು ಓಡೋದೇ ಇಲ್ಲ, ತೇಲುತ್ತೆ! ಕುತ್ತಿಗೆ ಇಷ್ಟುದ್ದ ಇರುತ್ತಾ? ಇಷ್ಟುದ್ದಾನಾ?"

ಹೌಲೆ ಸೀಟಿನ ಮೇಲೆ ಕೈ ಬಡಿದ. "ಸಿಕ್ಕಿಬಿದ್ದ! ಹೆಹೆ ಸಿಕ್ಕಿಬಿದ್ದ! ಕೇಳಿ ಅಣ್ಣಂದಿರಾ, ಈ ಮುದುಕ ಮೂವತ್ತು ವರ್ಷ ಇದೇ ರೈಲಲ್ಲಿ ಇದ್ದವನು. ದಿನಾ ಜಿರಾಫೆ ನೋಡಿದೆ, ಕುದುರೆ ಥರ ಓಡುತ್ತೆ ಅಂತ ನಮ್ಮ ಕಿವಿ ತೂತು ಮಾಡಿದವನು. ಈಗ ಕುತ್ತಿಗೆ ಇಷ್ಟುದ್ದಾನಾ ಅಂತ ಕೇಳ್ತಾನೆ!"

ಡಬ್ಬಿಗೆ ಡಬ್ಬಿಯೇ ನಕ್ಕಿತು. ಕೋಳಿಯವನೂ ನಕ್ಕ. ಕಿಕೋಟಿ ತಿರುಗಿ ಹೆಂಡತಿಯ ಕಡೆ ನೋಡಿದ. ಅವಳು ನಗುತ್ತಿರಲಿಲ್ಲ.

"ನೀನು ಇದನ್ನ ಯಾವತ್ತೂ ನೋಡಿಲ್ಲ," ಎಂದಳು. ಮದುವೆಯಾದಾಗಿನಿಂದ ಅವಳು ಅವನಿಗೆ ನೀನು ಎಂದದ್ದು ಅದೇ ಮೊದಲು.

"ಇಲ್ಲ."

"ಒಂದ್ಸಲಾನೂ?"

"ಒಂದ್ಸಲ ಸಿಪ್ಪೆ ಎಸೆಯೋಕೆ ಬಾಗಿಲು ತೆಗೆದಾಗ ಆನೆ ಹಿಂಭಾಗ ಕಂಡಿತ್ತು. ಬಂಡೆ ಇದ್ದರೂ ಇರಬಹುದು."

"ಮತ್ತೆ ಅಷ್ಟು ವರ್ಷ ಏನು ನೋಡಿದೆ?"

"ಈರುಳ್ಳಿ. ಹಂಚು."

ಹೌಲೆ ಇನ್ನೇನೋ ಅನ್ನಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡ. ತಮಾಷೆ ಎಲ್ಲಿ ಮುಗಿಯುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಅವಳು ಕಿಟಕಿಗೆ ತಿರುಗಿ ಕಾಂಗಾ ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡಳು. ಕಿಕೋಟಿ ಸೀಟಿನ ತುದಿಯಲ್ಲಿ ಕೂತ. ಏನಾದರೂ ಹೇಳಬೇಕು ಅನ್ನಿಸಿತು. ಅವನ ಹತ್ತಿರ ಇದ್ದ ಮಾತೆಲ್ಲ ಸುಳ್ಳಿಗೆ ಖರ್ಚಾಗಿತ್ತು.

ರೈಲು ಹಾಗೇ ಎಷ್ಟೋ ದೂರ ಹೋಯಿತು. ಆಮೇಲೆ ಎಂಜಿನ್ ಉದ್ದಕ್ಕೆ ಕೂಗಿತು. ವೇಗ ಇಳಿಯಿತು. ಗಾಲಿ ಕಿರುಗುಟ್ಟಿ ರೈಲು ನಿಂತೇಬಿಟ್ಟಿತು.

"ಮತ್ತೆ ಗೂಡ್ಸಾ? ಇವತ್ತು ಸೇರಿದ ಹಾಗೆ!" ಎಂದು ಯಾರೋ ಗೊಣಗಿದರು. ಇನ್ನೊಬ್ಬರು ಉಶ್ ಎಂದರು.

ಸ್ಕೊಲಾಸ್ಟಿಕಾಳ ಕಿಟಕಿಯ ಆಚೆ ಆನೆಗಳು ನಿಂತಿದ್ದವು. ಕಲ್ಲೆಸೆದರೆ ತಾಗುವಷ್ಟು ಹತ್ತಿರ. ಮೊದಲು ಒಂದು ಕಂಡಿತು, ಆಮೇಲೆ ಪೊದೆ ಎಂದುಕೊಂಡದ್ದೆಲ್ಲ ಆನೆಯಾಯಿತು. ಮುಂದಿದ್ದ ದೊಡ್ಡ ಹೆಣ್ಣಾನೆ ಕಿವಿ ಅಗಲ ಮಾಡಿ ರೈಲನ್ನು ನೋಡಿತು. ಅದರ ಹೊಟ್ಟೆಯ ಕೆಳಗೆ ಒಂದು ಮರಿ. ತಾಯಿ ಅದನ್ನು ನೂಕಲಿಲ್ಲ, ಸೊಂಡಿಲು ಎತ್ತಲಿಲ್ಲ, ಕೂಗಲಿಲ್ಲ. ಬರೀ ನೋಡಿತು. ಆಮೇಲೆ ನಿಮಗೆ ಹೊತ್ತಾದರೆ ನನಗೇನು ಎನ್ನುವಂತೆ ಹಳಿಯ ಕಡೆ ಹೆಜ್ಜೆ ಹಾಕಿತು. ಹಿಂದೆಯೇ ಎಲ್ಲವೂ ಹೊರಟವು. ಅಷ್ಟು ದೊಡ್ಡ ಪಾದಗಳು ಜಲ್ಲಿಯ ಮೇಲೆ ಇಳಿದವು. ಸದ್ದೇ ಇಲ್ಲ. ಒಂದು ಮನೆ ನಡೆದು ಹೋದರೆ ಹೇಗೋ ಹಾಗೆ ಒಂದರ ಹಿಂದೆ ಒಂದು ಹೋದವು, ಬೆಕ್ಕು ನಡೆದಷ್ಟೂ ಸದ್ದಿಲ್ಲ. ಡಬ್ಬಿಯಲ್ಲಿ ಮಕ್ಕಳು ಅಳುವುದನ್ನು ಬಿಟ್ಟರು.

ಸ್ಕೊಲಾಸ್ಟಿಕಾ ಹಿಂದೆ ತಿರುಗಲಿಲ್ಲ. ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ ತಡಕಾಡಿದಳು. ಗಂಡನ ಅಂಗಿಯ ತೋಳು ಸಿಕ್ಕಿತು. ಹಿಡಿದು ಎಳೆದಳು. ಅವನು ಬಂದು ಅವಳ ಪಕ್ಕ ಮಂಡಿಯೂರಿ ಕಿಟಕಿಯ ಕಂಬಿಗೆ ಗಲ್ಲ ಒತ್ತಿದ. ಅವಳು ತೋಳು ಬಿಡಲಿಲ್ಲ.

"ಸದ್ದೇ ಇಲ್ಲ," ಎಂದು ಅವನು ಪಿಸುಗುಟ್ಟಿದ. "ಇದನ್ನ ಯಾರೂ ಹೇಳಿರ್ಲಿಲ್ಲ ನನಗೆ."

"ಮಾತಾಡ್ಬೇಡ. ನೋಡು. ಜಗಳ ದಾರ್‌ನಲ್ಲಿ ಆಡ್ತೀನಿ."

ಕೊನೆಯ ಆನೆ ದಾಟಿ ಆಚೆಯ ಹುಲ್ಲಿನಲ್ಲಿ ಇಳಿದು ಬೆನ್ನು ಮಾತ್ರ ಕಾಣುವ ತನಕ ರೈಲು ಕದಲಲಿಲ್ಲ. ಎಂಜಿನ್ ಕೂಡ ಮೆಲ್ಲಗೆ, ಕ್ಷಮೆ ಕೇಳುವವರ ಹಾಗೆ ಹೊರಟಿತು. ಡಬ್ಬಿಯಲ್ಲಿ ಎಲ್ಲರಿಗೂ ಒಟ್ಟಿಗೆ ಮಾತು ಬಂತು.

ಹೌಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಮೆಲ್ಲಗೆ ಕೇಳಿದ, "ಹೇಳೋ ಹೆಹೆ. ನೀನು ಹೇಳು. ಹೇಗಿತ್ತು?"

ಕಿಕೋಟಿ ಬಾಯಿ ತೆರೆದ. ಎಷ್ಟೋ ಸಂಜೆ ಒಂದು ಜಿಂಕೆಯ ಬಾಲಕ್ಕೆ ಒಂದು ಗಂಟೆ ಮಾತಾಡಿದ್ದವನು. ಒಂದು ಸಲ ಗಂಟಲು ಸರಿಮಾಡಿಕೊಂಡ. ಮತ್ತೊಂದು ಸಲ ಮಾಡಿಕೊಂಡ.

"ಆನೆ ಇದ್ವು," ಎಂದ.

"ಅಷ್ಟೇನಾ?"

"ದೊಡ್ಡವು."

ಸ್ಕೊಲಾಸ್ಟಿಕಾಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಕಾಂಗಾದ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಈ ಮಾತು ನಂಬ್ತೀನಿ," ಎಂದಳು. ಆಮೇಲೆ ತಾನು ಸರಿದು ಕಿಟಕಿಯ ಅರ್ಧ ಬಿಟ್ಟುಕೊಟ್ಟಳು. "ಮಂಡಿ ನೋಯುತ್ತೆ, ಏಳಿ. ಇಲ್ಲಿ ಬಂದು ಸರಿಯಾಗಿ ಕೂತ್ಕೊಳ್ಳಿ. ಇನ್ನೂ ಕಾಡು ಮುಗಿದಿಲ್ಲ."