ಕೈಗೆ ಬಂದ ಮೇಲೂ

ಪಕ್ಕದ ಮನೆಯ ಡಾರ್ನೆಲ್ ಎದುರಿಗಿದ್ದರೆ ಏನೂ ಕೆಳಗೆ ಬೀಳುವುದಿಲ್ಲ ಎಂಬುದು ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ಆ ಬೀದಿಯಲ್ಲಿ ಗೋದಾವರಿಯವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆಸ್ಟಿನ್ನಿನ ಕಾಲೇಜಿನಲ್ಲಿ, ಆಮೇಲೆ ಡಲ್ಲಾಸ್, ಹ್ಯೂಸ್ಟನ್ ತಂಡಗಳಲ್ಲಿ ಹನ್ನೊಂದು ವರ್ಷ, ಅಮೆರಿಕನ್ ಫುಟ್‌ಬಾಲಿನಲ್ಲಿ ದೂರದಿಂದ ಎಸೆದ ಚೆಂಡನ್ನು ಓಡೋಡುತ್ತ ಕೈಯಲ್ಲಿ ಹಿಡಿಯುವುದೇ ಈ ವೈಡ್ ರಿಸೀವರನ ಕಸುಬಾಗಿತ್ತು. ನಿವೃತ್ತನಾದ ಮೇಲೂ ಅಷ್ಟೇ: ಬೇಲಿ ಹಾರಿದ ಕ್ರಿಕೆಟ್ ಚೆಂಡು, ಗಾಳಿಗೆ ಎದ್ದ ಟೋಪಿ, ಗೋದಾವರಿಯವರ ಚೀಲದಿಂದ ಜಾರಿದ ತೆಂಗಿನಕಾಯಿ, ಯಾವುದನ್ನೂ ನೆಲ ಮುಟ್ಟಲು ಬಿಟ್ಟವನಲ್ಲ. ಹಿಡಿದ ಚೆಂಡುಗಳ ಸುದ್ದಿಯನ್ನು ಎತ್ತುವುದೇ ಇಲ್ಲ. ಡಲ್ಲಾಸಿನಲ್ಲಿ ಕೈಜಾರಿದ ಒಂದೇ ಒಂದರ ಕಥೆಯನ್ನು ಮಾತ್ರ ಕಾಫಿ ಕೊಟ್ಟವರಿಗೆಲ್ಲ ಹೇಳುತ್ತಾನೆ. "ಕೈಗೆ ಬಂತು ಅಂತ ಕಣ್ಣು ಬೇರೆ ಕಡೆ ತಿರುಗಿಸಿಬಿಟ್ಟೆ, ಆಂಟಿ. ಬಂದ ಮೇಲೂ ನೋಡ್ತಾನೇ ಇರಬೇಕು." ಅಂಥವನು ಗೋದಾವರಿಯವರ ಮೊಮ್ಮಗಳ ನಾಮಕರಣದ ದಿನ, ಕೂಸು ಕೈಯಿಂದ ಕೈಗೆ ದಾಟುತ್ತ ತನ್ನತ್ತ ಬಂದಾಗ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸರಿದು ನಿಂತ. "ಬೇಡ ಆಂಟಿ. ಮುರಿದೂ ಮುರಿದೂ ಬೆರಳಿಗೆ ಏನೂ ಗೊತ್ತಾಗಲ್ಲ. ಹಿಡಿದಿದೀನೋ ಬಿಟ್ಟಿದೀನೋ, ನೋಡಿದ್ರೇನೇ ತಿಳಿಯೋದು." ಗೋದಾವರಿ ಅವನ ಕೈಗಳನ್ನು ಮುಂದಕ್ಕೆಳೆದು ಆ ಸೊಟ್ಟ ಬೆರಳುಗಳನ್ನು ನೋಡಿದರು. "ಹಾಗಾದ್ರೆ ನೋಡ್ತಾ ಇರಪ್ಪ," ಎಂದು ಅವನನ್ನು ಸೋಫಾದ ಮೇಲೆ ಕೂರಿಸಿ, ಕೂಸನ್ನು ತೋಳಿಗೆ ಒಪ್ಪಿಸಿಯೇಬಿಟ್ಟರು. ಫೋಟೋ ತೆಗೆಯುವ ಹುಡುಗಿ "ಎಲ್ಲರೂ ಇಲ್ಲಿ ನೋಡಿ" ಎಂದು ಮೂರು ಸಲ ಕೂಗಿದಳು. ಆ ದಿನದ ಯಾವ ಫೋಟೋದಲ್ಲೂ ಡಾರ್ನೆಲ್‌ನ ಕಣ್ಣು ಕಾಣುವುದಿಲ್ಲ. ಎಲ್ಲದರಲ್ಲೂ ಅವನು ಕೂಸನ್ನೇ ನೋಡುತ್ತಿದ್ದಾನೆ.